ಬ್ಯಾಟ್‌ಮನ್ ಕಾಮಿಕ್ಸ್‌ನ ನಂಬರ್ 1 ನಾಲ್ಕು ಸಲ ಬಂದಿದೆ. ಯಾವುದರಿಂದ ಓದಬೇಕು, ಹಳೇ ಓದುಗರಿಗೆ ಯಾಕಿಷ್ಟು ಕೋಪ?

ಚಾಮರಾಜಪೇಟೆ_ಓದುಗ
ಸ್ಕಾಟ್ ಸ್ನೈಡರ್, ಗ್ರೆಗ್ ಕಪುಲ್ಲೊ ಅವರ 'ಕೋರ್ಟ್ ಆಫ್ ಔಲ್ಸ್' ಓದ್ತಿದ್ದೀನಿ. ಬೆನ್ನಿನ ಮೇಲೆ ಸಂಪುಟ 1 ಅಂತಿದೆ, ಒಳಗೆ ಸಂಚಿಕೆ 1ರಿಂದ 7. 2011ರಲ್ಲಿ ಪ್ರಕಾಶಕರಾದ ಡಿಸಿ ಎಲ್ಲವನ್ನೂ ಸೊನ್ನೆಯಿಂದ ಶುರು ಮಾಡಿತು ಅಂತಾರೆ. ಆದರೆ ಮೊದಲ ಸಂಚಿಕೆಯಲ್ಲೇ ಹಳೇ ಶಿಷ್ಯರಾದ ಡಿಕ್, ಟಿಮ್, ಡೇಮಿಯನ್ ಮೂವರೂ ಸೂಟು ಹಾಕ್ಕೊಂಡು ಬ್ರೂಸ್ (ಬ್ಯಾಟ್‌ಮನ್) ಜೊತೆ ನಿಂತಿದ್ದಾರೆ. ಸೊನ್ನೆ ಅಂದಮೇಲೆ ಇವರೆಲ್ಲ ಎಲ್ಲಿಂದ ಬಂದರು? ಹಿಂದಿನ ಕಥೆಗಳು ನಡೆದಿವೆಯೋ ಇಲ್ಲವೋ? ಯಾವ ಕ್ರಮದಲ್ಲಿ ಓದಬೇಕು? ಇನ್ನೊಂದು, ರೀಬೂಟ್ (ಕಥೆಯನ್ನ ಮತ್ತೆ ಮೊದಲಿಂದ ಶುರು ಮಾಡೋದು) ಅಂದ ಕೂಡಲೇ ಹಳೇ ಓದುಗರು ಸಿಡಿದು ಬೀಳೋದು ಬರೀ ಹಳೇದರ ಮೋಹದಿಂದಾನಾ?

ಹಳೇಸಂಚಿಕೆ
ಮೋಹ ಅಲ್ಲ ಸರ್. ಅರ್ಧ ಅಳಿಸಿ ಅರ್ಧ ಉಳಿಸಿದ್ದಕ್ಕೆ ಕೋಪ. ನಿಮಗೆ ಮೊದಲ ಸಂಚಿಕೆಯಲ್ಲೇ ಕಂಡಿದ್ದು ಅದೇ.

2011ರ ಆಗಸ್ಟ್ 31ಕ್ಕೆ 'ಜಸ್ಟೀಸ್ ಲೀಗ್' ನಂಬರ್ 1 ಬಂತು, ಸೆಪ್ಟೆಂಬರ್‌ನಲ್ಲಿ ಉಳಿದವು. ಒಟ್ಟು 52 ಶೀರ್ಷಿಕೆ, ಎಲ್ಲಕ್ಕೂ ಹೊಸ ನಂಬರ್ 1, ಅದಕ್ಕೇ ನ್ಯೂ 52 ಅಂತ ಹೆಸರು. ಸೂಪರ್‌ಹೀರೋಗಳು ಜನರ ಕಣ್ಣಿಗೆ ಬಿದ್ದು ಐದೇ ವರ್ಷ ಆಗಿದೆ ಅನ್ನೋದು ಈ ಹೊಸ ಲೋಕದ ಕಟ್ಟಳೆ. ಸೂಪರ್‌ಮ್ಯಾನ್‌ಗೆ ಇದನ್ನ ಕಟ್ಟುನಿಟ್ಟಾಗಿ ಅನ್ವಯಿಸಿದರು: ಲೋಯಿಸ್ ಜೊತೆ ಮದುವೆ ಆಗೇ ಇಲ್ಲ, ಸಾಕಿದ ಅಪ್ಪ ಅಮ್ಮ ಇಬ್ಬರೂ ಇಲ್ಲ. ಬ್ಯಾಟ್‌ಮನ್ ಮತ್ತು ಗ್ರೀನ್ ಲ್ಯಾಂಟರ್ನ್ ಆಗ ಚೆನ್ನಾಗಿ ಓಡ್ತಿದ್ದ ಪುಸ್ತಕಗಳು, ಅವನ್ನ ಮುಟ್ಟಲಿಲ್ಲ. ಜೆಫ್ ಜಾನ್ಸ್ ಬರೀತಿದ್ದ ಗ್ರೀನ್ ಲ್ಯಾಂಟರ್ನ್ ಕಥೆ ಹಿಂದೆ ನಿಂತಲ್ಲಿಂದಲೇ ಮುಂದುವರೀತು, ನಂಬರ್ ಮಾತ್ರ 1 ಆಯ್ತು.

ಈಗ ಲೆಕ್ಕ ಹಾಕಿ. ಐದು ವರ್ಷದಲ್ಲಿ ಡಿಕ್, ಜೇಸನ್, ಟಿಮ್, ಡೇಮಿಯನ್ ನಾಲ್ವರೂ ಬ್ಯಾಟ್‌ಮನ್ ಕೈಕೆಳಗೆ ಪಳಗಬೇಕು. ಡಿಕ್ ಬೆಳೆದು ನೈಟ್‌ವಿಂಗ್ ಆಗಬೇಕು, ಜೇಸನ್ ಸತ್ತು ಎದ್ದು ಬರಬೇಕು. ಡೇಮಿಯನ್ ಬ್ರೂಸ್‌ನ ಸ್ವಂತ ಮಗ, ಅವನಿಗೇ ಹತ್ತು ವರ್ಷ. ತೇಪೆ ಹಚ್ಚೋಕೆ ಟಿಮ್ ಯಾವತ್ತೂ ರಾಬಿನ್ (ಬ್ಯಾಟ್‌ಮನ್ ಜೊತೆಗಾರ) ಆಗಿರಲೇ ಇಲ್ಲ, ಮೊದಲಿಂದಲೂ ರೆಡ್ ರಾಬಿನ್ ಅಂತ ಮಾಡಿದರು. ಟಿಮ್‌ನ ರಾಬಿನ್ ಆಗಿ ಇಪ್ಪತ್ತು ವರ್ಷ ಓದಿದವರಿಗೆ ಹೇಗಾಗಬೇಡ?

ಸೂಪರ್‌ಮ್ಯಾನ್ ಕಡೆ ಬೇರೆ ತೊಡಕು. ಗ್ರಾಂಟ್ ಮಾರಿಸನ್ ಬರೆದ 'ಆ್ಯಕ್ಷನ್ ಕಾಮಿಕ್ಸ್' ಐದು ವರ್ಷ ಹಿಂದೆ ನಡೆಯೋದು, ಅಲ್ಲಿ ಅವನು ಟೀ ಶರ್ಟು ಜೀನ್ಸ್‌ನಲ್ಲಿ ಓಡಾಡ್ತಾನೆ. ಜಾರ್ಜ್ ಪೆರೆಸ್ ಬರೆದ 'ಸೂಪರ್‌ಮ್ಯಾನ್' ಇವತ್ತು ನಡೆಯೋದು. ಎರಡೂ ಒಂದೇ ತಿಂಗಳು ಶುರು. ಇವತ್ತಿನ ಕಥೆ ಬರೆಯೋಕೆ ನಿನ್ನೆಯದು ಗೊತ್ತಿರಬೇಕು, ನಿನ್ನೆಯದು ಪಕ್ಕದ ಮೇಜಿನಲ್ಲಿ ಇನ್ನೂ ಬರೀತಾ ಇದ್ದರು. ಪೆರೆಸ್ ಆರು ಸಂಚಿಕೆಗೆ ಬಿಟ್ಟು ಹೋದರು.

ಗಾಂಧಿಬಜಾರ್_52
ಮೇಲಿನವರು ಹೇಳಿದ್ದು ಸರಿ, ಆದರೆ ಈ ಕಾಯಿಲೆ 2011ರದ್ದಲ್ಲ. 1985–86ರ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್', 12 ಸಂಚಿಕೆ, ಮಾರ್ವ್ ವುಲ್ಫ್‌ಮನ್ ಬರಹ, ಪೆರೆಸ್ ಚಿತ್ರ. ಡಿಸಿ ಕಥೆಗಳು ನಡೀತಿದ್ದ ಹಲವು ಸಮಾನಾಂತರ ಭೂಮಿಗಳನ್ನ ಸೇರಿಸಿ ಒಂದು ಮಾಡಿದರು. ಆಮೇಲೆ ಒಬ್ಬೊಬ್ಬ ನಾಯಕನ ಹೊಸ ಕಥೆ ಒಂದೊಂದು ಹೊತ್ತಿಗೆ ಶುರುವಾಯ್ತು. ತೊಂದರೆ ಹುಟ್ಟಿದ್ದೇ ಆ ಅಂತರದಲ್ಲಿ.

ಹಾಕ್‌ಮನ್ ಉದಾಹರಣೆ ನೋಡಿ. ಕ್ರೈಸಿಸ್ ಆದ ಮೂರು ವರ್ಷಕ್ಕೂ ಹಳೇ ಹಾಕ್‌ಮನ್‌ನೇ ಬೇರೆ ಪುಸ್ತಕಗಳಲ್ಲಿ ಹಾರಾಡ್ತಿದ್ದ. 1989ರಲ್ಲಿ 'ಹಾಕ್‌ವರ್ಲ್ಡ್' ಮೂರು ಸಂಚಿಕೆ ಬಂತು, ಅವನ ಹಿಂದಿನ ಜೀವನದ ಕಥೆ, ಅದ್ಭುತವಾಗಿತ್ತು. 1990ರಲ್ಲಿ ಅದನ್ನೇ ಮಾಸಿಕ ಮಾಡಿ, ಇದು ಹಿಂದಿನದಲ್ಲ, ಈಗ ನಡೀತಿರೋದು ಅಂದರು. ಹಾಗಾದ್ರೆ ಇಷ್ಟು ದಿನ ಜಸ್ಟೀಸ್ ಲೀಗ್‌ನಲ್ಲಿ ರೆಕ್ಕೆ ಕಟ್ಟಿಕೊಂಡು ಕೂತಿದ್ದವನು ಯಾರು? ಅವನೊಬ್ಬ ಥಾನಗರ್‌ನ (ಹಾಕ್‌ಮನ್‌ನ ಗ್ರಹ) ಗೂಢಚಾರ ಅಂತ ಹೊಸ ಪಾತ್ರ ಹುಟ್ಟಿಸಬೇಕಾಯ್ತು. 1994ರ 'ಜೀರೋ ಅವರ್'ನಲ್ಲಿ ಎಲ್ಲ ಹಾಕ್‌ಮನ್‌ಗಳನ್ನ ಒಬ್ಬನೊಳಗೆ ತುಂಬಿದರು, ಗೋಜಲು ಇನ್ನೂ ಹೆಚ್ಚಾಯ್ತು.

ನಮ್ಮಲ್ಲೇ ಇದಕ್ಕೆ ಹಳೇ ಉದಾಹರಣೆ ಇದೆ. ಪಂಪ ದ್ರೌಪದಿಯನ್ನ ಅರ್ಜುನನೊಬ್ಬನ ಹೆಂಡತಿ ಮಾಡಿದ. ಮುಡಿ ಕಟ್ಟಿಸುವ ಪ್ರತಿಜ್ಞೆ, ದುಶ್ಶಾಸನನ ಎದೆ ಬಗೆಯೋದು ಮಾತ್ರ ಭೀಮನ ಪಾಲಿಗೇ ಉಳೀತು. ಗಂಡ ಅರ್ಜುನ ಆದಮೇಲೆ ಭೀಮನಿಗೆ ಯಾಕಿಷ್ಟು ಕಿಚ್ಚು ಅನ್ನೋ ಪ್ರಶ್ನೆಯನ್ನ ವಿಮರ್ಶಕರು ಎತ್ತುತ್ತಲೇ ಬಂದಿದ್ದಾರೆ. ಪಂಪನ ಕಾವ್ಯಶಕ್ತಿ ಅದನ್ನ ತೇಲಿಸಿಬಿಡ್ತು. ಇಪ್ಪತ್ತು ಪುಟದ ಮಾಸಿಕಕ್ಕೆ ಆ ಬಲ ಎಲ್ಲಿಂದ ಬರಬೇಕು?

ಪುಟತಿರುವು
ರೀಬೂಟ್ ಅಂದ್ರೆ ಕೆಟ್ಟದ್ದೇ ಅನ್ನೋದನ್ನ ನಾನು ಒಪ್ಪಲ್ಲ. ಕ್ರೈಸಿಸ್ ಆದಮೇಲೇ ಅಲ್ವಾ ಜಾನ್ ಬರ್ನ್ ಅವರ ಸೂಪರ್‌ಮ್ಯಾನ್ ಕಥೆ 'ಮ್ಯಾನ್ ಆಫ್ ಸ್ಟೀಲ್' ಬಂದಿದ್ದು, ಬ್ಯಾಟ್‌ಮನ್ 404ರಿಂದ 407ರವರೆಗೆ 'ಇಯರ್ ಒನ್' ಬಂದಿದ್ದು, 1987ರಲ್ಲಿ ಪೆರೆಸ್ ಅವರ ವಂಡರ್ ವುಮನ್ ಬಂದಿದ್ದು? ಬರ್ನ್ ಮಾಡಿದ ಕ್ರಮ ಗಮನಿಸಿ. ಮೊದಲು ಆರೇ ಸಂಚಿಕೆಯಲ್ಲಿ ಹೊಸ ಮೂಲಕಥೆ ಮುಗಿಸಿ, ಆಮೇಲೆ ಮಾಸಿಕ ಶುರು ಮಾಡಿದರು. ನಿನ್ನೆ ಏನಾಯ್ತು ಅಂತ ಬರೆಯೋರಿಗೂ ಗೊತ್ತು, ಓದೋರಿಗೂ ಗೊತ್ತು. 2011ರಲ್ಲಿ ಕೈಬಿಟ್ಟಿದ್ದು ಈ ಕೆಲಸವನ್ನೇ.

ಸ್ಪೈಡರ್‌ಮ್ಯಾನ್ ವಿಷಯವೂ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಅದನ್ನ ರೀಬೂಟ್ ಅಂತಾರೆ. ಮಾರ್ವೆಲ್ ತನ್ನ ಮುಖ್ಯ ಲೋಕವನ್ನ ಡಿಸಿ ಥರ ಇಡಿಯಾಗಿ ಅಳಿಸಿಲ್ಲ. 2007ರ 'ಒನ್ ಮೋರ್ ಡೇ'ನಲ್ಲಿ ಮುಖ್ಯವಾಗಿ ಒಂದು ಎಳೆ ಕಿತ್ತರು: 1987ರಲ್ಲಿ ಆದ ಪೀಟರ್–ಮೇರಿ ಜೇನ್ ಮದುವೆ. ಚಿಕ್ಕಮ್ಮ ಮೇಯ ಪ್ರಾಣ ಉಳಿಸೋಕೆ ಪೀಟರ್ ಮೆಫಿಸ್ಟೊ ಅನ್ನೋ ಪಿಶಾಚಿ ಜೊತೆ ಒಪ್ಪಂದ ಮಾಡಿಕೊಂಡು ಮದುವೆ ಬಿಟ್ಟುಕೊಡ್ತಾನೆ. ಸೋತರೂ ಜವಾಬ್ದಾರಿ ಬಿಡದವನು ಅನ್ನೋದೇ ಆ ಪಾತ್ರದ ಜೀವ. ಅಂಥವನ ಕೈಯಲ್ಲೇ ಇದನ್ನ ಮಾಡಿಸಿದ್ದು ಓದುಗರಿಗೆ ಅರಗಲಿಲ್ಲ. ವಿಚ್ಛೇದನ ಅಂತ ಬರೆದಿದ್ದರೆ ಬೇಜಾರಾಗ್ತಿತ್ತು, ಇಷ್ಟು ವರ್ಷ ಉರೀತಿರಲಿಲ್ಲ ಅಂತ ನನ್ನ ಅನಿಸಿಕೆ.

ಚಾಮರಾಜಪೇಟೆ_ಓದುಗ
ಥ್ಯಾಂಕ್ಸ್. ಅಂದ್ರೆ ಈ ಬ್ಯಾಟ್‌ಮನ್‌ಗೆ ಹಳೇ ಕಥೆಗಳು ನಡೆದಿವೆ ಅಂತಲೇ ಇಟ್ಕೊಂಡು ಓದಲಾ? ಮತ್ತೆ ಕೋಪ ತಣ್ಣಗಾಯ್ತಾ, ಇಲ್ಲವಾ?

ಹಳೇಸಂಚಿಕೆ
ಹೌದು, ಹಾಗೇ ಓದಿ. ಬದಲಾಗಿದ್ದು ಮುಖ್ಯವಾಗಿ ಮೂಲಕಥೆ. 'ಇಯರ್ ಒನ್' ಜಾಗಕ್ಕೆ 'ಜೀರೋ ಇಯರ್' ಬಂತು.

ತಣ್ಣಗಾಗಿದ್ದು 2016ರ ಮೇ 25ಕ್ಕೆ, 'ಡಿಸಿ ಯೂನಿವರ್ಸ್ ರೀಬರ್ತ್' ನಂಬರ್ 1 ಬಂದಾಗ. 80 ಪುಟ, ಬರೆದವರು ಜೆಫ್ ಜಾನ್ಸ್. 2011ರಲ್ಲಿ ಕಾಣೆಯಾದ, ಹಿಂದೆ ಫ್ಲ್ಯಾಶ್ ಆಗಿದ್ದ ವಾಲಿ ವೆಸ್ಟ್ ಕಾಲದ ಹೊರಗೆ ಸಿಕ್ಕಿಕೊಂಡು, ಯಾರಾದರೂ ನನ್ನ ಗುರುತು ಹಿಡೀರಿ ಅಂತ ಒಬ್ಬೊಬ್ಬರ ಮುಂದೆ ನಿಲ್ತಾನೆ. ಹೆಂಡತಿಯಾಗಿದ್ದ ಲಿಂಡಾಗೂ ಗುರುತು ಸಿಗಲ್ಲ. ಕೊನೆಗೆ ತನ್ನ ಗುರು, ಇನ್ನೊಬ್ಬ ಫ್ಲ್ಯಾಶ್ ಬ್ಯಾರಿ ಆಲನ್ ಹತ್ರ ಥ್ಯಾಂಕ್ಸ್ ಹೇಳಿ ಮರೆಯಾಗೋಕೆ ಬರ್ತಾನೆ. ಬ್ಯಾರಿ ಬಾಯಿಂದ ಅವನ ಹೆಸರು ಬರತ್ತೆ, ಕೈ ಹಿಡಿದು ಎಳ್ಕೊಂಡು ತಬ್ಬಿಕೊಳ್ತಾನೆ. ಓದುಗರು ಐದು ವರ್ಷ ಕೇಳಿದ್ದು ಅದನ್ನೇ: ನಡೆದಿದ್ದನ್ನ ಮರೀಬೇಡಿ. ಆ ಪುಟಗಳನ್ನ ಈಗ ತೆಗೆದರೂ ಗಂಟಲು ಕಟ್ಟತ್ತೆ.

ನಂಬರನ್ನೂ ಸರಿ ಮಾಡಿದರು. 'ಆ್ಯಕ್ಷನ್ ಕಾಮಿಕ್ಸ್' 904ಕ್ಕೆ ನಿಂತಿತ್ತು. ನ್ಯೂ 52ರ 52 ಸಂಚಿಕೆ ಕೂಡಿಸಿ 956, ಮುಂದಿನದು 957. 'ಡಿಟೆಕ್ಟಿವ್' 881, ಕೂಡಿಸಿದರೆ 933, ಮುಂದಿನದು 934. ಹಾಗಾಗಿ 2018ರ ಏಪ್ರಿಲ್‌ನಲ್ಲಿ 'ಆ್ಯಕ್ಷನ್' 1000 ಮುಟ್ಟಿತು. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ವಾಪಸ್ ಬಂದಿದ್ದೂ ಆ ಸಂಚಿಕೆಯಲ್ಲೇ.

ಅವೆನ್ಯೂರೋಡ್_ಕಟ್ಟು
ಓದೋ ಕ್ರಮ, ಸ್ನೈಡರ್ ಅವರದ್ದು ಮಾತ್ರ: 1–7 ನಿಮ್ಮ ಹತ್ರ ಇದೆ, 8–12 ಮುಂದಿನ ಸಂಪುಟ, 13–17 'ಡೆತ್ ಆಫ್ ದ ಫ್ಯಾಮಿಲಿ', 21–27 ಮತ್ತು 29–33 'ಜೀರೋ ಇಯರ್', 35–40 'ಎಂಡ್‌ಗೇಮ್'. 'ಜೀರೋ ಇಯರ್' ಹಿಂದಿನ ಕಾಲದ ಕಥೆ ಅಂತ ಮೊದಲೇ ಓದೋಕೆ ಹೋಗಬೇಡಿ, ಬಂದ ಕ್ರಮದಲ್ಲೇ ಚೆನ್ನ. 'ಫ್ಲ್ಯಾಶ್‌ಪಾಯಿಂಟ್' (ನ್ಯೂ 52ಕ್ಕೆ ದಾರಿ ಮಾಡಿದ ಕಥೆ) ಐದು ಸಂಚಿಕೆ ಓದದಿದ್ದರೂ ಬ್ಯಾಟ್‌ಮನ್ ಅರ್ಥ ಆಗತ್ತೆ.

ಕೊಳ್ಳುವಾಗ ಬೆನ್ನಿನ 'ಸಂಪುಟ 1' ನಂಬಬೇಡಿ. ಬ್ಯಾಟ್‌ಮನ್ ನಂಬರ್ 1 ಬಂದಿದ್ದು 1940, 2011, 2016, 2025ರಲ್ಲಿ. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಇನ್ನೂ ಹೆಚ್ಚು ಸಲ. ಚರ್ಚ್ ಸ್ಟ್ರೀಟ್ ಅಂಗಡಿಗಳ ಕಪಾಟಿನಲ್ಲಿ ಇವೆಲ್ಲ ಒಟ್ಟಿಗೇ ನಿಂತಿರುತ್ತವೆ. ಒಳಗಿನ ಕಾಪಿರೈಟ್ ಪುಟ ತೆಗೆದು, ಯಾವ ಸಂಚಿಕೆಗಳು, ಯಾವ ವರ್ಷದವು ಅಂತ ಸಣ್ಣಕ್ಷರದಲ್ಲಿರೋ ಸಾಲು ಓದಿ. ಆನ್‌ಲೈನ್‌ನಲ್ಲಾದರೆ ಆ ಪುಟದ ಫೋಟೊ ಕೇಳಿ. ಲೇಖಕರ ಹೆಸರೂ ತಾಳೆ ನೋಡಿ: 2016ರದ್ದು ಟಾಮ್ ಕಿಂಗ್, 2025ರದ್ದು ಮ್ಯಾಟ್ ಫ್ರ್ಯಾಕ್ಷನ್.

ನಿಜವಾಗಿ ಸೊನ್ನೆಯಿಂದ ಬೇಕು ಅಂದ್ರೆ 2024ರ ಅಕ್ಟೋಬರ್‌ನಲ್ಲಿ ಶುರುವಾದ 'ಆ್ಯಬ್ಸಲ್ಯೂಟ್ ಬ್ಯಾಟ್‌ಮನ್' ತಗೊಳ್ಳಿ. ಅಲ್ಲಿ ಬ್ರೂಸ್‌ಗೆ ಬಂಗಲೆಯೂ ಇಲ್ಲ, ಆಸ್ತಿಯೂ ಇಲ್ಲ. ಬೇರೆಯದೇ ಲೋಕ, ಮುಖ್ಯ ಕಥೆ ಅದರ ಪಾಡಿಗೆ ಅದು ನಡೀತಿದೆ. ಹಳಬರೂ ಇದನ್ನ ಖುಷಿಯಿಂದ ಓದ್ತಿದ್ದಾರೆ, ಯಾಕಂದ್ರೆ ಇದಕ್ಕೋಸ್ಕರ ಏನನ್ನೂ ಅಳಿಸಿಲ್ಲ.