ಅಕ್ಕನಿಗೆ ಟಿಎಂಎಸ್ ಮಾಡಿಸೋಣ ಅಂತಿದ್ದಾರೆ, ಇದೂ ಶಾಕ್ ಟ್ರೀಟ್‌ಮೆಂಟೇ ಅಲ್ವಾ?

ಮಳೆಹನಿ:
ಅಕ್ಕನಿಗೆ ಡಿಪ್ರೆಶನ್. ಎರಡು ಬಗೆಯ ಮಾತ್ರೆ ಸಾಕಷ್ಟು ದಿನ ನುಂಗಿದಳು, ಎರಡೂ ಅಷ್ಟಾಗಿ ನಾಟಲಿಲ್ಲ. ಈಗ ಡಾಕ್ಟರು ತಲೆ ಮೇಲೆ ಮ್ಯಾಗ್ನೆಟ್ ಇಟ್ಟು ಮಾಡುವ ಟಿಎಂಎಸ್ ಮಾಡಿಸೋಣ ಅಂದರು. ಅಮ್ಮ 'ಕರೆಂಟ್ ಕೊಡ್ತಾರಂತೆ' ಅಂತ ಹೆದರಿ ಕೂತಿದ್ದಾರೆ. ಇದು ಶಾಕ್ ಟ್ರೀಟ್‌ಮೆಂಟೇನಾ? ಮತ್ತೆ, ಕೈಗೆ ಕೊಟ್ಟ ಹಾಳೆಯಲ್ಲಿ 'ನ್ಯೂರೋಪ್ಲಾಸ್ಟಿಸಿಟಿ ಹೆಚ್ಚುತ್ತದೆ' ಅಂತ ಬರೆದಿದೆ. ಅದು ನಿಜಾನಾ, ಸುಮ್ನೆ ಜಾಹೀರಾತಾ?

ನರತಂತು:
ಶಾಕ್ ಅಲ್ಲ. ಶಾಕ್ ಟ್ರೀಟ್‌ಮೆಂಟ್ ಅಂದರೆ ಇಸಿಟಿ, ಅದರಲ್ಲಿ ಅರಿವಳಿಕೆ ಕೊಟ್ಟು ಬೇಕಂತಲೇ ಫಿಟ್ಸ್ ಬರಿಸುತ್ತಾರೆ. ಇಲ್ಲಿ ನಿಮ್ಮ ಅಕ್ಕ ಎಚ್ಚರವಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ, ಮುಗಿದ ಮೇಲೆ ಎದ್ದು ಮನೆಗೆ ಹೋಗಬಹುದು. ಹಾಗಂತ ಅಮ್ಮ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ತಲೆ ಮೇಲಿಡುವ ಕಾಯಿಲ್‌ನ (ತಂತಿ ಸುರುಳಿಯ) ಕಾಂತಕ್ಷೇತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಏರಿ ಇಳಿಯುತ್ತದೆ, ಅದು ಬುರುಡೆ ದಾಟಿ ಎರಡು ಮೂರು ಸೆಂಟಿಮೀಟರ್ ಆಳದವರೆಗೆ ಪುಟ್ಟ ಕರೆಂಟ್ ಹುಟ್ಟಿಸುತ್ತದೆ. ಶಾಲೆಯಲ್ಲಿ ಓದಿದ ಫ್ಯಾರಡೆ ನಿಯಮವೇ. 1985ರಲ್ಲಿ ಶೆಫೀಲ್ಡ್‌ನ ಆಂಥನಿ ಬಾರ್ಕರ್ ತಂಡ ಟಿಎಂಎಸ್ ಅನ್ನು ಮೊದಲು ಮಾಡಿ ತೋರಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಖಿನ್ನತೆಗೆ 2008ರಲ್ಲಿ, ಒಸಿಡಿಗೆ (ಬೇಡದ ಯೋಚನೆ, ಕೆಲಸ ಮತ್ತೆ ಮತ್ತೆ ಕಾಡುವ ಗೀಳು ರೋಗ) 2018ರಲ್ಲಿ ಒಪ್ಪಿತು.

ಇನ್ನು ನ್ಯೂರೋಪ್ಲಾಸ್ಟಿಸಿಟಿ, ಅಂದರೆ ನರಕೋಶಗಳ ನಡುವಿನ ಕೊಂಡಿ ಬದಲಾಗುವ ಗುಣ. ಒಂದು ನರಕೋಶ ಇನ್ನೊಂದನ್ನು ಮತ್ತೆ ಮತ್ತೆ ಎಬ್ಬಿಸಿದರೆ ನಡುವಿನ ಕೊಂಡಿ ಗಟ್ಟಿಯಾಗುತ್ತದೆ. ಒಂದೇ ಪಲ್ಸ್‌ನ ಪರಿಣಾಮ ಆಗಲೇ ಮಾಯ, ಅದಕ್ಕೇ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಓಡಾಡಿಸೋದು. ಈ ಕೊಂಡಿ ಗಟ್ಟಿಯಾಗೋಕೆ ಎನ್‌ಎಂಡಿಎ ಅನ್ನೋ ಗ್ರಾಹಕ (ನರಕೋಶದ ಮೇಲೆ ಸಂದೇಶ ಹಿಡಿಯುವ ರಿಸೆಪ್ಟರ್) ಬೇಕು. ಮೆಮಾಂಟಿನ್ ಮಾತ್ರೆಯಿಂದ ಅದನ್ನು ತಡೆದರೆ ಪಲ್ಸ್‌ಗಳನ್ನು ಗೊಂಚಲು ಗೊಂಚಲಾಗಿ ಬೇಗ ಬೇಗ ಬಿಡುವ ಥೀಟಾ ಬರ್ಸ್ಟ್ ಬಗೆಯ ಟಿಎಂಎಸ್‌ನ ಉಳಿಕೆ ಪರಿಣಾಮ ಕಾಣಲಿಲ್ಲ. ಹಾಗಾಗಿ ಸುಮ್ನೆ ಜಾಹೀರಾತಲ್ಲ. ಆದರೆ ಅದನ್ನು ಅಳೆದದ್ದು ಆರೋಗ್ಯವಂತರಲ್ಲಿ, ಮಿದುಳಿನ ಕೈ ಆಡಿಸುವ ಭಾಗದಲ್ಲಿ. ಖಿನ್ನತೆ ಇಳಿಯೋದೂ ಇದರಿಂದಲೇ ಅನ್ನೋದು ಇನ್ನೂ ಪಕ್ಕಾ ಆಗಿಲ್ಲ, ಹಾಳೆಯಲ್ಲಿ ಅದನ್ನು ಬರೆಯೋದಿಲ್ಲ ಅಷ್ಟೇ.

ಹಗಲುಬೆಳಕು:
ನಾನು ಮಾಡಿಸಿಕೊಂಡಿದ್ದೇನೆ. ಮೊದಲ ದಿನ ಟೇಪ್ ಹಿಡಿದು ತಲೆ ಅಳೆದರು, ಆಮೇಲೆ ಕಾಯಿಲ್ ಆಚೆ ಈಚೆ ಸರಿಸುತ್ತಾ ಒಂದೊಂದೇ ಪಲ್ಸ್ ಬಿಟ್ಟರು, ನಾನು ಸುಮ್ನೆ ತೊಡೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ, ಇದ್ದಕ್ಕಿದ್ದಂತೆ ಬಲಗೈ ಹೆಬ್ಬೆರಳು ತಾನೇ ಹಾರಿತು! ನನ್ನ ಬೆರಳೇ ನನ್ನ ಮಾತು ಕೇಳದ ಹಾಗೆ. ಅದು ಹಾರೋಕೆ ಎಷ್ಟು ಶಕ್ತಿ ಬೇಕೋ ನೋಡಿಕೊಂಡು ನಮ್ಮ ಡೋಸ್ ಗೊತ್ತು ಮಾಡುತ್ತಾರೆ. ಆಮೇಲೆ ಕಾಯಿಲ್ ಎಡ ಹಣೆಯ ಮೇಲ್ಭಾಗಕ್ಕೆ ಬಂತು. ಮರಕುಟಿಗ ಕುಕ್ಕಿದ ಹಾಗೆ ಟಕಟಕಟಕ. ಕಿವಿಗೆ ಇಯರ್‌ಪ್ಲಗ್ ಹಾಕಲೇಬೇಕು. ಮೊದಲ ವಾರ ತಲೆನೋವಿತ್ತು, ಆಮೇಲೆ ಕಡಿಮೆ ಆಯ್ತು. ಮೊದಲು ಸರಿಹೋಗಿದ್ದು ನಿದ್ದೆ, ಮನಸ್ಸು ಅಲ್ಲ.

ಲೆಕ್ಕಪತ್ರ:
ನಿರೀಕ್ಷೆ ಜಾಸ್ತಿ ಇಟ್ಟುಕೊಳ್ಳಬೇಡಿ. 2010ರ ಒಂದು ದೊಡ್ಡ ಪ್ರಯೋಗದಲ್ಲಿ ನಿಜವಾದ ಕಾಯಿಲ್ ಇಟ್ಟವರಲ್ಲಿ ಶೇ. 14ರಷ್ಟು ಜನ ಪೂರ್ತಿ ಚೇತರಿಸಿಕೊಂಡರು, ಹೋಲಿಕೆಗೆಂದು ಸುಳ್ಳು ಕಾಯಿಲ್ (ನಿಜದಂತೆಯೇ ಕಾಣುವ, ಕೆಲಸ ಮಾಡದ್ದು) ಇಟ್ಟವರಲ್ಲಿ ಶೇ. 5. ವ್ಯತ್ಯಾಸ ಇದೆ, ಆದರೆ ಪವಾಡ ಅಲ್ಲ. ಆಸ್ಪತ್ರೆಗಳ ದಿನನಿತ್ಯದ ದಾಖಲೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ ನಿಜ, ಅಲ್ಲಿ ಹೋಲಿಸೋಕೆ ಸುಳ್ಳು ಕಾಯಿಲ್ ಇರೋದಿಲ್ಲವಲ್ಲ.

ಮಳೆಹನಿ:
ಎಲ್ಲರಿಗೂ ಥ್ಯಾಂಕ್ಸ್. ದಿನಾ ಅರ್ಧ ಗಂಟೆಗಿಂತ ಜಾಸ್ತಿ ಕೂರೋಕೆ ಅಕ್ಕನಿಗೆ ಆಗುತ್ತಾ ಅನ್ನೋದೇ ಚಿಂತೆ.

ನರತಂತು:
ಥೀಟಾ ಬರ್ಸ್ಟ್ ಇದೆಯಾ ಕೇಳಿ, ಅದು ಮೂರೇ ನಿಮಿಷ. 2018ರ ಪ್ರಯೋಗದಲ್ಲಿ ಅದು 37.5 ನಿಮಿಷದ ಹಳೆ ವಿಧಾನಕ್ಕೆ ಕಡಿಮೆಯೇನೂ ಇರಲಿಲ್ಲ. ತಲೆಯೊಳಗೆ ಲೋಹದ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಒಳಗೆ ಕೂರಿಸುವ ಸಾಧನ) ಇದ್ದರೆ ಅಥವಾ ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿಬಿಡಿ. ಈಗಿನ ಮಾತ್ರೆಗಳ ಪಟ್ಟಿಯನ್ನೂ ಕೊಡಿ, ಕೆಲವು ಮಾತ್ರೆ ಫಿಟ್ಸ್ ಸಾಧ್ಯತೆ ಹೆಚ್ಚಿಸುತ್ತವೆ. ಡಾಕ್ಟರ್ ಹೇಳದೆ ಯಾವುದನ್ನೂ ಮಧ್ಯದಲ್ಲಿ ನಿಲ್ಲಿಸಬೇಡಿ.