ಅಜ್ಜಿಯ 18 ಲಕ್ಷ ಮತ್ತು ಚಿಕ್ಕಪ್ಪ ಕಳಿಸಿದ ಪೋಸ್ಟರ್

ಗುಂಪು: ನಮ್ಮನೆ, ಬೆಂಗಳೂರು

ರಾಜಾಜಿನಗರ ಚಿಕ್ಕಪ್ಪ, 7:12
(ಫಾರ್ವರ್ಡ್ ಆದ ಚಿತ್ರ: "ಎಫ್‌ಡಿಯಷ್ಟೇ ಭದ್ರ, ಎಫ್‌ಡಿಗಿಂತ ಲಾಭ! ಶಾರ್ಟ್ ಟರ್ಮ್ ಕಾರ್ಪೊರೇಟ್ ಬಾಂಡ್ ಇಂಡೆಕ್ಸ್ ಫಂಡ್")
ಅಮ್ಮನ ಎಫ್‌ಡಿ ಮುಂದಿನ ವಾರ ಮೆಚ್ಯೂರ್ ಆಗುತ್ತೆ. 18 ಲಕ್ಷ ಪೂರ್ತಿ ಇದಕ್ಕೆ ಹಾಕೋಣ ಅಂತಿದ್ದೀನಿ. ಎಲ್ಲರೂ ಹೇಳಿ.

ಮಲ್ಲೇಶ್ವರ ಅತ್ತೆ, 7:20
ಬೇಡ ಕಣೋ. ಅಪ್ಪ ಊರಿನ ಜಮೀನು ಮಾರಿ ಇಟ್ಟ ದುಡ್ಡು ಅದು. ಬ್ಯಾಂಕಲ್ಲೇ ಇರಲಿ, ಎಲ್ಲೂ ಹೋಗಲ್ಲ.

ರಾಜಾಜಿನಗರ ಚಿಕ್ಕಪ್ಪ, 7:23
ನೀನೇ ಹೀಗಂತೀಯಲ್ಲ ಅಕ್ಕ! 2020ರಲ್ಲಿ ನಿನ್ನ ಸಹಕಾರಿ ಬ್ಯಾಂಕಲ್ಲಿ ದುಡ್ಡು ಸಿಕ್ಕಿಹಾಕ್ಕೊಂಡಾಗ ಎಷ್ಟು ಸಲ ಹೋಗಿ ಬಾಗಿಲಲ್ಲಿ ನಿಂತ್ವಿ?

ಮಲ್ಲೇಶ್ವರ ಅತ್ತೆ, 7:25
ಮರೆತಿಲ್ಲ. ಅದಕ್ಕೇ ಗೊತ್ತಿಲ್ಲದ ಕಡೆ ಹಾಕಬೇಡ ಅನ್ನೋದು.

ನಾನು, 7:48
ಚಿಕ್ಕಪ್ಪ, ಫಂಡ್ ಕೆಟ್ಟದ್ದು ಅಂತ ನಾನೂ ಹೇಳಲ್ಲ. ಆದರೆ "ಎಫ್‌ಡಿಯಷ್ಟೇ ಭದ್ರ" ಅನ್ನೋದು ಸುಳ್ಳು, ಅದು ನಂಗೆ ಸಿಟ್ಟು ಬರಿಸುತ್ತೆ. ಬಾಂಡ್ ಅಂದ್ರೆ ಕಂಪನಿಗೆ ಕೊಟ್ಟ ಸಾಲದ ಪತ್ರ; ಬಡ್ಡಿ ದರ ಏರಿದರೆ ಹಳೇ ಬಾಂಡಿನ ಬೆಲೆ ಇಳಿಯುತ್ತೆ. ಫಂಡಿನ ಡ್ಯುರೇಷನ್ (ಬಡ್ಡಿ ದರ ಬದಲಾದರೆ ಬೆಲೆ ಎಷ್ಟು ಅಲುಗುತ್ತೆ ಅನ್ನೋ ಅಳತೆ) ಎರಡೂವರೆ ವರ್ಷ ಇದ್ದು, ದರ 1% ಏರಿತು ಅಂದ್ಕೊಳ್ಳಿ. ಲಕ್ಷಕ್ಕೆ ಸುಮಾರು ಎರಡೂವರೆ ಸಾವಿರ ಕರಗುತ್ತೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನ (ಬ್ಯಾಂಕುಗಳಿಗೆ ತಾನು ಕೊಡೋ ಸಾಲದ ಬಡ್ಡಿ) 4%ರಿಂದ 6.5%ಕ್ಕೆ ಏರಿಸಿತ್ತು, ನೆನಪಿದೆಯಲ್ಲ? ಮೂರು ವರ್ಷ ಮುಟ್ಟದೇ ಬಿಟ್ಟರೆ ಹೊಸ ಬಾಂಡುಗಳ ಹೆಚ್ಚಿನ ಬಡ್ಡಿ ಆ ಹಳ್ಳ ತುಂಬಿಸುತ್ತೆ. ಆದರೆ ದೀಪಾವಳಿ ಆದ್ಮೇಲೆ ಅಜ್ಜಿಗೆ ಮಂಡಿ ಆಪರೇಷನ್ ಇದೆ. ಆ ದುಡ್ಡನ್ನ ಇಲ್ಲಿಗೆ ತರಲೇಬಾರದು.

ಅತ್ತೆ, ಎಲ್ಲಾ ಒಂದೇ ಬ್ಯಾಂಕಲ್ಲಿ ಇರೋದೂ ತಪ್ಪೇ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. 2020ರ ಫೆಬ್ರವರಿಗೆ ಮುಂಚೆ ಬರೀ 1 ಲಕ್ಷ ಇತ್ತು. ಉಳಿದ 13 ಲಕ್ಷಕ್ಕೆ ಇವತ್ತು ವಿಮೆಯೇ ಇಲ್ಲ. ಫಂಡಿಗಂತೂ ಅದೂ ಇಲ್ಲ.

ರಾಜಾಜಿನಗರ ಚಿಕ್ಕಪ್ಪ, 7:55
ಇಂಡೆಕ್ಸ್ ಅಲ್ವಾ ಪುಟ್ಟಿ, ಗೊತ್ತುಮಾಡಿದ ಪಟ್ಟಿಯಲ್ಲಿರೋ ಬಾಂಡನ್ನೇ ಕೊಳ್ಳಬೇಕು, ಮ್ಯಾನೇಜರ್ ಮನಸ್ಸಿಗೆ ಬಂದಂಗೆ ಕೊಳ್ಳಕ್ಕಾಗಲ್ಲ. ಎಲ್ಲಾ ಎಎಎ ಕಂಪನಿಗಳು, ಅಂದ್ರೆ ಸಾಲ ತೀರಿಸೋದ್ರಲ್ಲಿ ಅತಿ ಹೆಚ್ಚಿನ ರೇಟಿಂಗ್ ಇರೋವು. ತೆರಿಗೆನೂ ಕಮ್ಮಿ.

ನಾನು, 8:03
ಖರ್ಚು ಕಮ್ಮಿ, ಹಲವಾರು ಬಾಂಡ್ ಸಿಗುತ್ತೆ, ಒಪ್ತೀನಿ. ಆದರೆ ಬಾಂಡ್ ಇಂಡೆಕ್ಸಲ್ಲಿ ಸಾಮಾನ್ಯವಾಗಿ ಯಾರು ಹೆಚ್ಚು ಸಾಲ ಮಾಡಿದಾರೋ ಅವರಿಗೇ ಹೆಚ್ಚು ಪಾಲು. ಒಬ್ಬರಿಗೆ ಇಷ್ಟೇ ಅಂತ ಮಿತಿ ಇದೆಯಾ ನೋಡಬೇಕು. ಎಎಎ ಅಂತೀರಾ? ಐಎಲ್‌ಎಫ್‌ಎಸ್ ಅನ್ನೋ ದೊಡ್ಡ ಹಣಕಾಸು ಕಂಪನಿಗೆ 2018ರ ಜುಲೈನಲ್ಲಿ ಎಎಎ ಇತ್ತು, ಸೆಪ್ಟೆಂಬರ್‌ನಲ್ಲಿ ಡಿ, ಅಂದ್ರೆ ಸಾಲ ಕಟ್ಟದೇ ತಪ್ಪಿದ್ದು. ತೆರಿಗೆ ವಿಷಯ ಹಳೇದು: 2023ರ ಏಪ್ರಿಲ್ 1ರಿಂದ ಕೊಂಡ ಇಂಥ ಫಂಡಿನ ಲಾಭಕ್ಕೂ ಎಫ್‌ಡಿ ಬಡ್ಡಿಯ ಹಾಗೆ ಆದಾಯದ ಸ್ಲ್ಯಾಬ್ ಪ್ರಕಾರ ತೆರಿಗೆನೇ. ಮಾರಿದಾಗಷ್ಟೇ ಕಟ್ಟಬೇಕು, ಅನುಕೂಲ ಅಷ್ಟೇ.

ಅತ್ತೆ ಹೆದರೋದನ್ನ ಹಗುರವಾಗಿ ನೋಡಬೇಡಿ ಚಿಕ್ಕಪ್ಪ. ದುಡ್ಡು ಇದ್ದೂ ಕೈಗೆ ಸಿಗದ ದಿನಗಳನ್ನ ಅವರು ಕಂಡಿದ್ದಾರೆ.

ಮಲ್ಲೇಶ್ವರ ಅತ್ತೆ, 8:10
ಮೂರು ಬ್ಯಾಂಕಿಗೆ ಹಂಚಿದರೆ?

ನಾನು, 8:12
ಹಂಗೇ ಮಾಡೋಣ ಅತ್ತೆ. ಬಡ್ಡಿ ಸೇರಿ 5 ಲಕ್ಷ ದಾಟದ ಹಾಗೆ ನಾಲ್ಕೂವರೆಯಂತೆ ಮೂರು ಕಡೆ. ಆಪರೇಷನ್ನಿಗೆ ಒಂದೂವರೆ ಉಳಿತಾಯ ಖಾತೆಯಲ್ಲಿ. ಉಳಿದ 3 ಲಕ್ಷ ಮೂರು ವರ್ಷ ಬೇಡ ಅಂತ ಅಜ್ಜಿನೇ ಹೇಳಿದರೆ ಮಾತ್ರ ಫಂಡಿಗೆ.

ರಾಜಾಜಿನಗರ ಚಿಕ್ಕಪ್ಪ, 8:20
ಭಾನುವಾರ ಬರ್ತೀನಿ. ಫಂಡಿನ ವಿವರ ಇರೋ ಫ್ಯಾಕ್ಟ್‌ಶೀಟ್ ಪ್ರಿಂಟ್ ತೆಗೆದಿಡು, ಡ್ಯುರೇಷನ್ ಎಲ್ಲಿದೆ ತೋರಿಸು. ಅಮ್ಮನ ಮುಂದೆ ಕೂತು ಕೇಳೋಣ.