ಒಂದೇ ಕಾವಿನ ಎರಡು ಬ್ಯಾಂಟಮ್ ಹುಂಜಗಳು: ಒಂದು ಸಾಧು, ಇನ್ನೊಂದು ಹಾಯುವಂಥದ್ದು

ಪ್ರಶ್ನೆ (ಯಲಹಂಕ)

ನಮ್ಮ ಹಿತ್ತಿಲಿನಲ್ಲಿ ಎರಡು ಹುಂಜ, ಮೂರು ಹೇಂಟೆಗಳ ಬ್ಯಾಂಟಮ್ (ಗಿಡ್ಡ ಜಾತಿಯ ಕೋಳಿ) ಗುಂಪಿದೆ. ಹುಂಜಗಳೆರಡೂ ಒಂದೇ ಕಾವಿನಲ್ಲಿ ಹುಟ್ಟಿದವು. ಈಗ ಎಂಟು ತಿಂಗಳು. ಬಿಳಿಯ ಹುಂಜ ನಮ್ಮನ್ನು ಕಂಡರೆ ದೂರ ಸರಿಯುತ್ತದೆ. ಕಾಳು ಸಿಕ್ಕರೆ ತಾನು ನುಂಗದೆ ಹೇಂಟೆಗಳನ್ನು ಕರೆಯುತ್ತದೆ. ಮರಿಯಾಗಿದ್ದಾಗ ನನ್ನ ಮಗಳ ತೊಡೆಯ ಮೇಲೆಯೇ ಬೆಳೆದ ಕೆಂಪು ಹುಂಜ ಮಾತ್ರ ಎರಡು ತಿಂಗಳಿನಿಂದ, ಅಮ್ಮ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಹಿಂದಿನಿಂದ ಹಾರಿ ಒದೆಯುತ್ತಿದೆ. ಕಳೆದ ವಾರ ಅವರ ಮೀನಖಂಡದಿಂದ ರಕ್ತ ಬಂತು. ಅಷ್ಟು ಮುದ್ದಿನಿಂದ ಬೆಳೆದದ್ದೇ ಹೀಗಾದುದೇಕೆ? ಹೇಂಟೆಗಳಲ್ಲಿಯೂ ಒಂದು, ಇತ್ತೀಚೆಗೆ ಗೂಡಿಗೆ ಕೈ ಹಾಕಿದರೆ ಪುಕ್ಕ ಕೆದರಿಕೊಂಡು ಕುಕ್ಕುತ್ತಿದೆ.

ಉತ್ತರ (ಕೆಂಗೇರಿ)

ಮುದ್ದಿನಿಂದ ಬೆಳೆದದ್ದೇ ಬಹುಮಟ್ಟಿಗೆ ಇದಕ್ಕೆ ಕಾರಣವೆಂದು ನನ್ನ ಅನುಭವ ಹೇಳುತ್ತದೆ. ಕೈಯಲ್ಲಿ ಬೆಳೆದ ಹುಂಜಮರಿಗೆ ಮನುಷ್ಯರ ಭಯವಿರುವುದಿಲ್ಲ. ಐದಾರು ತಿಂಗಳಿಗೆ ಪ್ರಾಯಕ್ಕೆ ಬಂದು ಹೇಂಟೆಗಳನ್ನು ಕಾಯತೊಡಗಿದಾಗ, ಅದು ನಮ್ಮನ್ನು ಗುಂಪಿನೊಳಗಿನ ಇನ್ನೊಂದು ಹುಂಜವೆಂದೇ ಎಣಿಸಿ ಸೆಣಸಲು ಬರುತ್ತದೆ. ನಿಮ್ಮ ಬಿಳಿಯ ಹುಂಜದ ಅಂಜಿಕೆಯನ್ನು ದೋಷವೆಂದು ತಿಳಿಯಬೇಡಿ. ದೂರ ನಿಂತು ಹೇಂಟೆಗಳಿಗೆ ಕಾಳು ತೋರಿಸುವ ಹುಂಜವೇ ಮನೆಗೆ ಒಪ್ಪುವಂಥದ್ದು.

ಒಂದು ರೆಕ್ಕೆಯನ್ನು ಇಳಿಬಿಟ್ಟು ಪಕ್ಕಕ್ಕೆ ಹೆಜ್ಜೆ ಹಾಕುತ್ತ ಬಂದರೆ ಅದು ಹಾಯುವ ಮುನ್ಸೂಚನೆ. ಆಗ ಓಡಬಾರದು, ಒದೆಯಲೂ ಬಾರದು. ಓಡಿದರೆ ಗೆದ್ದೆನೆಂದು ತಿಳಿಯುತ್ತದೆ. ಒದೆದರೆ ಜಗಳ ಮುಂದುವರಿಯುತ್ತದೆ, ಮೇಲಾಗಿ ಒಂದು ಕಿಲೋ ಆಸುಪಾಸಿನ ಹಕ್ಕಿಯ ಎಲುಬು ಮುರಿಯಲು ನಮ್ಮ ಕಾಲಿನ ಒಂದು ಪೆಟ್ಟು ಸಾಕು. ನಿಧಾನವಾಗಿ ಅದರ ಕಡೆಗೇ ನಡೆದು, ಅದು ತಾನಾಗಿ ಹಿಂದೆ ಸರಿಯುವವರೆಗೆ ನಿಲ್ಲಿ. ಅಮ್ಮನವರು ಸದ್ಯಕ್ಕೆ ಒಂದು ಅಗಲವಾದ ಮೊರವನ್ನು ಕಾಲಿಗೆ ಅಡ್ಡ ಹಿಡಿದು ಹೋಗಲಿ.

ಇನ್ನೊಂದು ಮಾತು: ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿದ್ದರೆ ಗುಂಪು ನೆಮ್ಮದಿಯಾಗಿರುತ್ತದೆ. ಮೂರು ಹೇಂಟೆಗಳಿಗೆ ಎರಡು ಹುಂಜವೆಂದರೆ ಹೇಂಟೆಗಳ ಬೆನ್ನಿನ ಪುಕ್ಕವೂ ಉಳಿಯುವುದಿಲ್ಲ.

ಉತ್ತರ (ಹೆಸರಘಟ್ಟ ರಸ್ತೆ)

ಕೆಂಗೇರಿಯವರ ಸಲಹೆ ಸರಿ, ಆದರೆ ಎಲ್ಲ ಹೊಣೆಯನ್ನೂ ಸಾಕಣೆಯ ಮೇಲೆ ಹಾಕಲು ನಾನು ಒಪ್ಪುವುದಿಲ್ಲ. ಕಾಲಿನವರೆಗೆ ಪುಕ್ಕವಿರುವ ಕೊಚಿನ್ ಬ್ಯಾಂಟಮ್‌ಗಳು ಸಾಮಾನ್ಯವಾಗಿ ಸೌಮ್ಯ. ಕಾಳಗದ ತಳಿಯಿಂದ ಬಂದ ಗೇಮ್ ಬ್ಯಾಂಟಮ್ ಹುಂಜಗಳು ಮನುಷ್ಯರೊಂದಿಗೆ ಹೊಂದಿಕೊಂಡರೂ ಇನ್ನೊಂದು ಹುಂಜವನ್ನು ಸಹಿಸುವುದಿಲ್ಲ. ಸೀಬ್ರೈಟ್ ಎಂಬ ಬ್ಯಾಂಟಮ್ ತಳಿ ಬೆದರು ಸ್ವಭಾವದ್ದು. ಒಂದೇ ತಳಿಯೊಳಗೂ ಸಿಟ್ಟು ಸ್ವಲ್ಪಮಟ್ಟಿಗೆ ರಕ್ತದಲ್ಲಿ ಇಳಿದು ಬರುತ್ತದೆ. ಆದ್ದರಿಂದ ಕೆಂಪು ಹುಂಜದ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ. ಅದನ್ನು ಬೇರೆ ಮಾಡಿದ ಮೇಲೂ ಎರಡು ಮೂರು ವಾರ ಅದರ ಫಲವೇ ಮೊಟ್ಟೆಗಳಲ್ಲಿ ಬರಬಹುದೆಂಬುದನ್ನು ಮರೆಯಬೇಡಿ.

ಉತ್ತರ (ಬಸವನಗುಡಿ)

ಹೇಂಟೆಯ ಕುರಿತು ಯಾರೂ ಹೇಳಲಿಲ್ಲ. ಅದು ಸಿಡುಕಿಯಾಗಿಲ್ಲ, ಕಾವಿಗೆ ಕೂತಿದೆ. ಬ್ಯಾಂಟಮ್ ಹೇಂಟೆಗಳಲ್ಲಿ ಈ ಗುಣ ಬಲವಾಗಿರುತ್ತದೆ. ಮರಿ ಬೇಕಿದ್ದರೆ ಸುಮಾರು 21 ದಿನ ಅದರ ಪಾಡಿಗೆ ಬಿಟ್ಟು, ದಿನಕ್ಕೊಮ್ಮೆ ನೀರು ಮೇವಿಗೆ ಎದ್ದು ಬರುತ್ತದೆಯೇ ಎಂದು ಗಮನಿಸಿ. ಬೇಡವಾದರೆ ಮೊಟ್ಟೆ ತೆಗೆದು, ತಳಕ್ಕೆ ಗಾಳಿಯಾಡುವ ಜಾಲರಿ ಪಂಜರದಲ್ಲಿ ಕೆಲವು ದಿನ ಇರಿಸಿ. ಹಳೆಯ ಸ್ವಭಾವ ತಾನಾಗಿ ಮರಳುತ್ತದೆ.

ಅಮ್ಮನವರ ಗಾಯವನ್ನು ಸೋಪಿನಿಂದ ತೊಳೆದಿರೆಂದು ನಂಬುತ್ತೇನೆ. ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಮರುಮಾತು (ಯಲಹಂಕ)

ಎಲ್ಲರಿಗೂ ಕೃತಜ್ಞತೆಗಳು. ನೋಡಿದರೆ ಆ ಹೇಂಟೆಯ ಅಡಿಯಲ್ಲಿ ಆರು ಮೊಟ್ಟೆಗಳಿದ್ದವು. ಕೆಂಪು ಹುಂಜದ ಫಲವಿರಬಹುದೆಂದು ತೆಗೆದೆವು. ಅಮ್ಮ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರೆ. ಕೆಂಪು ಹುಂಜಕ್ಕೆ ಗೋಡೆಯ ಬದಿಯಲ್ಲಿ ಬೇರೆ ಗೂಡು ಕಟ್ಟಿಸುತ್ತಿದ್ದೇವೆ. ಅದನ್ನು ಕೊಟ್ಟುಬಿಡಲು ಮಗಳು ಒಪ್ಪುತ್ತಿಲ್ಲ, ನನಗೂ ಮನಸ್ಸಿಲ್ಲ.